ಇನ್ನೂ ಓಡುತ್ತೆ ಬಿಡು

ನಮ್ಮ ಕಡೆಯ ಮನೆಗಳಲ್ಲಿ ಹೆಂಗಸರ ವಸ್ತುಗಳಿಗೆಲ್ಲ ಒಂದೇ ಆಶೀರ್ವಾದ: ‘ಇನ್ನೂ ಓಡುತ್ತೆ ಬಿಡು.’ ಮಿಕ್ಸಿಯ ಜಾರು ಸೋರಿದರೂ ಇನ್ನೂ ಓಡುತ್ತೆ. ಹೊಲಿಗೆ ಯಂತ್ರದ ಬೆಲ್ಟು ಸಡಿಲವಾದರೂ ಓಡುತ್ತೆ. ಕುಕ್ಕರಿನ ಗ್ಯಾಸ್ಕೆಟ್ಟನ್ನು ಫ್ರಿಜ್ಜಿನಲ್ಲಿಟ್ಟು ಗಟ್ಟಿ ಮಾಡಿ ಇನ್ನೊಂದು ತಿಂಗಳು ಓಡಿಸುವ ವಿದ್ಯೆ ನಮಗೆಲ್ಲ ಬರುತ್ತದೆ. ಇವಕ್ಕೆಲ್ಲ ನನ್ನ ತಕರಾರಿಲ್ಲ. ಕುಕ್ಕರು ಸೋರಿದರೆ ಅನ್ನ ಬೇಯುವುದು ಐದು ನಿಮಿಷ ತಡವಾದೀತು, ಅಷ್ಟೆ. ಆದರೆ ಇದೇ ಆಶೀರ್ವಾದವನ್ನು ನಮ್ಮ ಸ್ಕೂಟರಿನ ಟೈರಿಗೂ ಮಾಡುತ್ತಾರಲ್ಲ, ಅಲ್ಲಿ ನನ್ನ ಜಗಳ.

ನಾನು ಸರ್ಕಾರಿ ನೌಕರಿಯವಳು. ವರ್ಗವಾದಲ್ಲೆಲ್ಲ ಪಾತ್ರೆಪಗಡದ ಜೊತೆ ಗಾಡಿಯನ್ನೂ ಲಾರಿಗೆ ಏರಿಸಿಕೊಂಡು ಹೋದವಳು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಮೂರೂ ಊರಿನ ರಸ್ತೆಗಳನ್ನೂ ಮೂರೂ ಊರಿನ ಪಂಚರ್ ಅಂಗಡಿಗಳನ್ನೂ ಬಲ್ಲೆ. ಈಗ ಹಾಸನದಲ್ಲಿದ್ದೇನೆ. ಈ ನಾಲ್ಕರಲ್ಲಿ ಯಾವ ಊರಿನಲ್ಲಾದರೂ ಸರಿ, ಬೆಳಿಗ್ಗೆ ಒಂಬತ್ತೂವರೆಯ ಹೊತ್ತಿಗೆ ಬಸ್ ಸ್ಟ್ಯಾಂಡಿನ ರಸ್ತೆಯಲ್ಲಿ ನಿಂತು ನೋಡಿ. ಟೀಚರಮ್ಮಂದಿರು, ಬ್ಯಾಂಕಿನವರು, ಆಶಾ ಕಾರ್ಯಕರ್ತೆಯರು, ಹೊಲಿಗೆ ಅಂಗಡಿಯವರು, ಮಗುವನ್ನು ಮುಂದೆ ನಿಲ್ಲಿಸಿಕೊಂಡ ತಾಯಂದಿರು ಸಾಲುಸಾಲಾಗಿ ಹೋಗುತ್ತಾರೆ. ಮುಖ ನೋಡಬೇಡಿ, ಸೀರೆಯನ್ನೂ ನೋಡಬೇಡಿ, ಹಿಂದಿನ ಚಕ್ರ ನೋಡಿ. ಎಷ್ಟು ಟೈರುಗಳು ಹೊಳೆಯ ದಂಡೆಯ ಕಲ್ಲಿನಂತೆ ನುಣ್ಣಗಾಗಿವೆ ಎಂದು ನೀವೇ ಎಣಿಸಿ. ಆಮೇಲೆ ಅದೇ ಮನೆಯ ಯಜಮಾನರ ಬೈಕಿನ ಟೈರನ್ನೂ ಒಮ್ಮೆ ನೋಡಿ ಬನ್ನಿ.

ಗಾಡಿ ನಮ್ಮ ಕೈಗೆ ಬಂದು ಬಹಳ ವರ್ಷಗಳಾದವು. ಲೂನಾ ಬಂದದ್ದು 1972ರಲ್ಲಿ. ಗೇರು ಹಾಕುವ ರಗಳೆಯಿಲ್ಲದ ಕೈನೆಟಿಕ್ ಹೋಂಡಾ 1984ರಲ್ಲಿ. ಆಮೇಲೆ ತೊಂಬತ್ತರ ದಶಕದಲ್ಲಿ ಸ್ಕೂಟಿ, ಅದರ ಹಿಂದೆಯೇ ಆಕ್ಟಿವಾ. ಬಾಗಿಲಲ್ಲಿ ನಿಂತು ‘ಸ್ವಲ್ಪ ಬ್ಯಾಂಕಿನ ತನಕ ಬಿಡ್ತೀರಾ’ ಎಂದು ಕೇಳುವ ಕಾಲ ಹೋಯಿತು. ಆದರೆ ಬಂದದ್ದು ಗಾಡಿ ಮಾತ್ರ, ಗಾಡಿಯ ಮೇಲಿನ ತೀರ್ಮಾನ ಬರಲಿಲ್ಲ. ಪೆಟ್ರೋಲು ನಾವು ಹಾಕಿಸುತ್ತೇವೆ, ಗಾಳಿ ನಾವು ಹೊಡೆಸುತ್ತೇವೆ, ಮನೆಯ ಸಾಮಾನೆಲ್ಲ ನಾವು ಹೊರುತ್ತೇವೆ. ಟೈರು ಬದಲಾಯಿಸಬೇಕೋ ಬೇಡವೋ ಎಂಬ ವಿಚಾರ ಬಂದಾಗ ಮಾತ್ರ ಇದ್ದಕ್ಕಿದ್ದಂತೆ ಅದು ಗಂಡಸರ ವಿಷಯವಾಗಿಬಿಡುತ್ತದೆ. ಅವರು ಬಂದು, ಬೂಟುಗಾಲಿನಿಂದ ಚಕ್ರಕ್ಕೆ ಎರಡು ಸಲ ಒದ್ದು, ತೀರ್ಪು ಕೊಟ್ಟು ಹೋಗುತ್ತಾರೆ. ಒದ್ದರೆ ಟೈರಿನ ಬಗ್ಗೆ ಏನು ತಿಳಿಯುತ್ತದೋ ನನಗೆ ಇಷ್ಟು ವರ್ಷವಾದರೂ ಅರ್ಥವಾಗಿಲ್ಲ. ಗಾಳಿ ತೀರ ಹೋಗಿದ್ದರೆ ತಿಳಿದೀತು, ಅದು ಒದೆಯದೆಯೂ ತಿಳಿಯುತ್ತದೆ.

ತೀರ್ಪಿನ ಜೊತೆಗೆ ಒಂದು ಆಪಾದನೆಯೂ ಬರುವುದುಂಟು. ‘ನನ್ನ ಬೈಕಿನ ಟೈರು ಅಷ್ಟು ಸಾವಿರ ಕಿಲೋಮೀಟರ್ ಓಡಿತು, ನಿನ್ನದು ಇಷ್ಟಕ್ಕೇ ಸವೆದು ಹೋಯ್ತಾ? ಬ್ರೇಕು ಒತ್ತಿ ಒತ್ತಿ ಸವೆಸಿದ್ದೀಯ.’ ಈ ಮಾತು ಕೇಳದ ಹೆಂಗಸು ನಮ್ಮ ಜಿಲ್ಲೆಯಲ್ಲಿ ಇರಲಿಕ್ಕಿಲ್ಲ. ಇದಕ್ಕೆ ಉತ್ತರ ಏಳನೇ ಕ್ಲಾಸಿನ ಗಣಿತದಲ್ಲಿದೆ. ನಮ್ಮ ಸ್ಕೂಟರಿನ ಚಕ್ರ ಸಾಮಾನ್ಯವಾಗಿ ಹತ್ತು ಅಂಗುಲದ ರಿಮ್ಮಿನದು. ಟೈರಿನ ಪಕ್ಕದಲ್ಲಿ 90/100-10 ಎಂದು ಬರೆದಿದ್ದರೆ ಆ ಚಕ್ರದ ಪೂರ್ತಿ ಅಡ್ಡಳತೆ 43 ಸೆಂಟಿಮೀಟರ್ ಚಿಲ್ಲರೆ. ಒಂದು ಕಿಲೋಮೀಟರ್ ಹೋಗಲು ಅದು ಸುಮಾರು 730 ಸುತ್ತು ತಿರುಗಬೇಕು. ಹದಿನೆಂಟು ಅಂಗುಲದ ರಿಮ್ಮಿನ ಬೈಕಿನ ಚಕ್ರಕ್ಕೆ ಅದೇ ಕಿಲೋಮೀಟರಿಗೆ 520 ಸುತ್ತು ಸಾಕು. ಅಂದರೆ ಅದೇ ದಾರಿಯಲ್ಲಿ ನಮ್ಮ ಟೈರಿನ ಪ್ರತಿಯೊಂದು ಚೂರೂ ನೂರಕ್ಕೆ ನಲವತ್ತರಷ್ಟು ಹೆಚ್ಚು ಸಲ ರಸ್ತೆಗೆ ಉಜ್ಜಿಕೊಳ್ಳುತ್ತದೆ. ಗುಂಡಿ ಬಂದರೆ ದೊಡ್ಡ ಚಕ್ರ ಮೇಲಿಂದ ದಾಟಿಕೊಳ್ಳುತ್ತದೆ, ಚಿಕ್ಕದು ಇಳಿದು ಹತ್ತುತ್ತದೆ. ಬೇಗ ಸವೆಯದೆ ಇನ್ನೇನಾಗಬೇಕು? ಚಿಕ್ಕ ಕಾಲಿನವಳು ದೊಡ್ಡ ಕಾಲಿನವನ ಜೊತೆ ಜಾತ್ರೆಗೆ ನಡೆದು ಬಂದರೆ ಯಾರ ಚಪ್ಪಲಿ ಮೊದಲು ಸವೆಯುತ್ತದೆ, ನೀವೇ ಹೇಳಿ.

ಆದ್ದರಿಂದ ಕಿಲೋಮೀಟರಿನ ಲೆಕ್ಕವನ್ನು ಯಾರು ಹೇಳಿದರೂ ನಂಬಬೇಡಿ. ಹನ್ನೆರಡು ಸಾವಿರಕ್ಕೆ ತೆಗೆಯಬೇಕು, ಇಪ್ಪತ್ತು ಸಾವಿರ ಬರಬೇಕು ಎನ್ನುವುದೆಲ್ಲ ಯಾರದೋ ಗಾಡಿಯ, ಯಾರದೋ ರಸ್ತೆಯ ಮಾತು. ನಿಮ್ಮ ಟೈರು ತನ್ನ ಮಾತನ್ನು ತಾನೇ ಹೇಳುತ್ತದೆ. ಹೇಗೆ ಕೇಳಿಸಿಕೊಳ್ಳಬೇಕೆಂದು ನಮಗೆ ಯಾರೂ ಹೇಳಿಕೊಡಲಿಲ್ಲ ಅಷ್ಟೆ. ಪಕ್ಕದ ಮೈಸೂರಿನಲ್ಲೇ ವಿಕ್ರಾಂತ್ ಟೈರಿನ ಕಾರ್ಖಾನೆ ಇತ್ತು, 1997ರಲ್ಲಿ ಜೆಕೆಯವರ ಪಾಲಾಯಿತು. ಟೈರು ತಯಾರಾಗುವ ಊರು ನಮಗೆ ಇಷ್ಟು ಹತ್ತಿರ, ಟೈರು ನೋಡುವ ವಿದ್ಯೆ ಮಾತ್ರ ಇಷ್ಟು ದೂರ.

ಬಗ್ಗಿ ನೋಡಿ. ಟೈರಿನ ಅಂಚಿನಲ್ಲಿ ಒಂದು ಪುಟ್ಟ ತ್ರಿಕೋನವೋ, ‘ಟಿಡಬ್ಲ್ಯುಐ’ ಎಂಬ ಮೂರು ಇಂಗ್ಲಿಷ್ ಅಕ್ಷರಗಳೋ ಇರುತ್ತವೆ. ಅದರ ನೇರಕ್ಕೆ, ಟೈರಿನ ಮೇಲಿನ ಕಾಲುವೆಯೊಳಗೆ ಬೆರಳಾಡಿಸಿದರೆ ಒಂದು ಸಣ್ಣ ದಿಬ್ಬ ಸಿಗುತ್ತದೆ, ಕಾಲುವೆಗೆ ಅಡ್ಡವಾಗಿ ಕಟ್ಟಿದ ಬದುವಿನ ಹಾಗೆ. ಹೊಸತರಲ್ಲಿ ಅದು ಆಳದಲ್ಲಿರುತ್ತದೆ. ಸವೆಯುತ್ತಾ ಸವೆಯುತ್ತಾ ಸುತ್ತಲಿನ ರಬ್ಬರು ಇಳಿದು ಆ ಬದುವಿನ ಮಟ್ಟಕ್ಕೆ ಬಂತೆಂದರೆ ಟೈರಿನ ಆಯುಸ್ಸು ಮುಗಿಯಿತು. ಇದು ನನ್ನ ಕಟ್ಟಳೆಯಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರಲ್ಲಿ 94ನೆಯ ನಿಯಮ ಟೈರಿನದೇ. ಎರಡು, ಮೂರು ಚಕ್ರದ ಗಾಡಿಗಳಿಗೆ ಕಾಲುವೆಯ ಆಳ 0.8 ಮಿಲಿಮೀಟರಿಗಿಂತ ಕಡಿಮೆಯಾಗಬಾರದು, ಉಳಿದ ಗಾಡಿಗಳಿಗೆ 1.6. ನಿಮ್ಮ ಪರ್ಸಿನಲ್ಲಿರುವ ಎಟಿಎಂ ಕಾರ್ಡಿನ ದಪ್ಪವೂ ಹೆಚ್ಚುಕಡಿಮೆ ಅಷ್ಟೇ. ನಿಮಗೂ ಕಾನೂನಿಗೂ ನಡುವೆ ಇರುವುದು ಒಂದು ಎಟಿಎಂ ಕಾರ್ಡು. ಅಲ್ಲಿಯವರೆಗೂ ಕಾಯಬೇಕೆಂದೇನೂ ಇಲ್ಲ. ಕಾನೂನು ಹೇಳುವುದು ಕೊನೆಯ ಮೆಟ್ಟಿಲು. ಮಳೆಗಾಲ ಎದುರಿಗಿದ್ದರೆ ನಾನು ಅದಕ್ಕಿಂತ ಮೊದಲೇ ಇಳಿಯುವವಳು.

ಸವೆತ ಕಾಣದಿದ್ದರೂ ಟೈರು ಸಾಯುವುದುಂಟು. ಮಗಳು ಕಾಲೇಜಿಗೆ ಹೋದಾಗ ಕೊಂಡದ್ದು, ಅವಳು ಮದುವೆಯಾಗಿ ಹೋದ ಮೇಲೆ ಕಾರ್ ಷೆಡ್ಡಿನಲ್ಲಿ ನಿಂತದ್ದು, ಇಂಥ ಗಾಡಿಗಳು ನಮ್ಮ ಊರುಗಳಲ್ಲಿ ಬೇಕಾದಷ್ಟಿವೆ. ‘ಟೈರೆಲ್ಲ ಹೊಸದಾಗೇ ಇದೆ, ತಗೊಂಡು ಹೋಗು’ ಎಂದು ಸೊಸೆಗೆ ಕೊಡುತ್ತಾರೆ. ರಬ್ಬರು ಬಿಸಿಲಿಗೆ, ಗಾಳಿಗೆ, ಕಾಲಕ್ಕೆ ಗಟ್ಟಿಯಾಗುತ್ತದೆ. ಪಕ್ಕಗಳಲ್ಲಿ ಬೇಸಿಗೆಯ ಕೆರೆಯಂಗಳದಂತೆ ಸಣ್ಣ ಬಿರುಕು ಬಿಡುತ್ತದೆ. ಕಾಲುವೆ ಎಷ್ಟೇ ಆಳವಿರಲಿ, ಗಟ್ಟಿಯಾದ ರಬ್ಬರು ಒದ್ದೆ ರಸ್ತೆಯನ್ನು ಹಿಡಿಯುವುದಿಲ್ಲ. ಟೈರಿನ ಜಾತಕವೂ ಅದರ ಮೈಮೇಲೆಯೇ ಇದೆ: ನಾಲ್ಕು ಅಂಕಿ, ಮೊದಲೆರಡು ವಾರ, ಕೊನೆಯೆರಡು ವರ್ಷ. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರದಲ್ಲಿ ಹುಟ್ಟಿದ್ದು. ಹುಡುಗನ ಜಾತಕ ನೋಡಲು ಮೂರು ಊರು ಅಲೆಯುವ ನಾವು ಟೈರಿನದನ್ನು ಅಂಗಡಿಯಲ್ಲೇ ನಿಂತು ನೋಡಬಹುದು. ಹೊಸದೆಂದು ಕೊಡುವ ಟೈರಿನಲ್ಲೂ ನೋಡಿ. ಅಂಗಡಿಯ ಅಟ್ಟದ ಮೇಲೆ ಎಷ್ಟು ವರ್ಷ ಕೂತಿತ್ತೋ ಬಲ್ಲವರಾರು.

ಇನ್ನು ಪಕ್ಕದಲ್ಲಿ ಎಲ್ಲಾದರೂ ಗುಳ್ಳೆಯಂತೆ ಉಬ್ಬಿದ್ದರೆ, ಒಳಗಿನ ದಾರ ಕಂಡರೆ, ಅದಕ್ಕೆ ಅಳತೆಯೂ ಬೇಡ, ಚರ್ಚೆಯೂ ಬೇಡ. ಅಂದೇ ತೆಗೆಸಬೇಕು. ಮೇಲಿಂದ ಮೇಲೆ ಪಂಚರಾಗುತ್ತಿದ್ದರೂ ಮೊಳೆಯನ್ನು ಬಯ್ಯುವ ಮೊದಲು ಟೈರನ್ನು ನೋಡಿ. ರಬ್ಬರು ತೆಳ್ಳಗಾದ ಮೇಲೆ ಗಾಜಿನ ಚೂರಿಗೂ ದಾರಿ ಸುಲಭ.

ಮುಂದಿನ ಟೈರಿನ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ನಮ್ಮವರ ಮಹಾ ಬುದ್ಧಿವಂತಿಕೆಯೊಂದು ಇಲ್ಲಿಯೇ ಇದೆ. ಹಿಂದಿನದು ಮೊದಲು ಸವೆಯುತ್ತದೆ. ಗಾಡಿಯನ್ನು ತಳ್ಳುವುದು ಅದು, ನಮ್ಮ ಭಾರ, ಹಿಂದೆ ಕೂತವರ ಭಾರ, ಗ್ಯಾಸ್ ಸಿಲಿಂಡರಿನ ಭಾರ ಹೊರುವುದೂ ಅದೇ. ಮುಂದಿನದು ಹೊಸದರಂತೆ ಕಾಣುತ್ತದೆ. ಬಹಳಷ್ಟು ಸ್ಕೂಟರುಗಳಲ್ಲಿ ಎರಡರ ಅಳತೆಯೂ ಒಂದೇ. ಹಾಗಾಗಿ ಮನೆಯ ಅರ್ಥಶಾಸ್ತ್ರಜ್ಞರು ಮುಂದಿನದನ್ನು ಹಿಂದಕ್ಕೆ, ಸವೆದ ಹಿಂದಿನದನ್ನು ಮುಂದಕ್ಕೆ ಹಾಕಿಸಿ ಒಂದು ಟೈರಿನ ದುಡ್ಡು ಉಳಿಸಿದೆ ಎನ್ನುತ್ತಾರೆ. ಸ್ಟೆಪ್ನಿ ಇದ್ದ ಹಳೆಯ ಬಜಾಜ್ ಚೇತಕ್ಕಿನ ಕಾಲದ ಅಭ್ಯಾಸ ಇದು. ಬ್ರೇಕು ಹಿಡಿದೊಡನೆ ಗಾಡಿಯ ಭಾರವೆಲ್ಲ ಮುಂದಕ್ಕೆ ನುಗ್ಗುತ್ತದೆ. ಆಗ ರಸ್ತೆಯನ್ನು ಹಿಡಿಯಬೇಕಾದ್ದು ಮುಂದಿನ ಚಕ್ರ. ಹಿಂದಿನದು ಜಾರಿದರೆ ಗಾಡಿ ಒಮ್ಮೆ ಸೊಂಟ ತಿರುಗಿಸುತ್ತದೆ, ಅದೃಷ್ಟವಿದ್ದರೆ ಸಾವರಿಸಿಕೊಳ್ಳಬಹುದು. ಮುಂದಿನದು ಜಾರಿದರೆ ಸಾವರಿಸಿಕೊಳ್ಳಲು ಪುರಸೊತ್ತೇ ಇಲ್ಲ, ಆಗಲೇ ನೆಲದ ಮೇಲಿರುತ್ತೀರಿ. ಸವೆದದ್ದನ್ನು ತಂದು ಅಲ್ಲಿಗೇ ಹಾಕುವುದು ಯಾವ ಉಳಿತಾಯ?

ನಮ್ಮ ಅಕ್ಕನ ಮಗನೊಬ್ಬ ಬೆಂಗಳೂರಿನಲ್ಲಿ ಕರೆಂಟಿನ ಒಂಟಿ ಚಕ್ರದ ಮೇಲೆ ಓಡಾಡುತ್ತಾನೆ. ಒಂದೇ ಚಕ್ರ, ಅದರ ಎರಡೂ ಪಕ್ಕಕ್ಕೆ ಪಾದ ಇಡುವ ಹಲಗೆ, ಹಿಡಿದುಕೊಳ್ಳಲು ಏನೂ ಇಲ್ಲ. ನೋಡಿದರೆ ಎದೆ ಝಲ್ಲೆನ್ನುತ್ತದೆ. ಮನೆಗೆ ಬಂದಾಗ ಮೊದಲು ಮಾಡುವ ಕೆಲಸವೆಂದರೆ ಆ ಟೈರನ್ನು ತಿರುಗಿಸಿ ತಿರುಗಿಸಿ ನೋಡುವುದು, ಗಾಳಿ ಅಳೆಯುವುದು. ‘ನಡುವೆ ಸವೆದು ಚಪ್ಪಟೆಯಾದರೆ ತಿರುವಿನಲ್ಲಿ ಮಾತು ಕೇಳಲ್ಲ ಚಿಕ್ಕಮ್ಮ, ನೆಟ್ಟಗೆ ಹೋಗ್ತೀನಿ ಅಂತ ಹಟ ಹಿಡಿಯುತ್ತೆ. ಬಿದ್ರೆ ಹಿಡಿಯೋಕೆ ಇನ್ನೊಂದು ಚಕ್ರ ಇಲ್ವಲ್ಲ’ ಎಂದ. ನಾನು ಅವನ ಮಾತನ್ನು ನಮ್ಮ ಗಾಡಿಗೂ ಹಚ್ಚಿ ನೋಡಿದೆ. ಸರಿಯಾಗಿಯೇ ಇತ್ತು. ಹೊಸ ಟೈರು ಅಡ್ಡಕ್ಕೆ ನೋಡಿದರೆ ಕಮಾನಿನಂತೆ ದುಂಡಗಿರುತ್ತದೆ. ನೇರ ಹೈವೇಯಲ್ಲಿ ಓಡಿ ಓಡಿ ನಡುವೆ ಮಾತ್ರ ಸವೆದದ್ದು ಹಲಗೆಯಂತೆ ಮಟ್ಟಸವಾಗುತ್ತದೆ. ತಿರುಗುವಾಗ ಗಾಡಿ ವಾಲಿದರೆ ಆ ಹಲಗೆಯ ಅಂಚಿನ ಮೇಲೆ ಕೂರುತ್ತದೆ. ಸರ್ಕಲ್ಲಿನಲ್ಲಿ ತಿರುಗುವಾಗ ಗಾಡಿ ತಡೆದು ತಡೆದು, ಆಮೇಲೆ ಥಟ್ಟನೆ ವಾಲಿದಂತೆ ಅನ್ನಿಸಿದರೆ ಅದು ನಿಮ್ಮ ಹೆದರಿಕೆಯಲ್ಲ, ಟೈರು. ನನಗೆ ಹೊಳೆದದ್ದು ಇನ್ನೊಂದು. ಆ ಹುಡುಗನ ಚಕ್ರದ ಬಗ್ಗೆ ‘ಇನ್ನೂ ಓಡುತ್ತೆ ಬಿಡು’ ಎಂದು ಮನೆಯಲ್ಲಿ ಯಾರೂ ಹೇಳುವುದಿಲ್ಲ. ಅವನ ಮೋಜಿನ ಚಕ್ರಕ್ಕೆ ಅಷ್ಟು ಜೋಪಾನ. ಮಗುವನ್ನು ಸ್ಕೂಲಿಗೆ ಬಿಟ್ಟು, ಮಾವನವರ ಮಾತ್ರೆ ತಂದು, ಆಫೀಸಿಗೆ ಹೋಗುವ ಚಕ್ರಕ್ಕೆ ಆಶೀರ್ವಾದ.

ಟೈರೆಂಬುದು ಹುಟ್ಟಿದ್ದೇ ಮನೆಯ ಮಗುವಿಗಾಗಿ. 1888ರಲ್ಲಿ ಬೆಲ್‌ಫಾಸ್ಟಿನಲ್ಲಿ ಡನ್‌ಲಪ್ ಎಂಬ ಪಶುವೈದ್ಯ ತನ್ನ ಪುಟ್ಟ ಮಗನ ಮೂರು ಚಕ್ರದ ಸೈಕಲ್ಲು ಕುಲುಕದಿರಲೆಂದು ಗಾಳಿ ತುಂಬಿದ ರಬ್ಬರಿನ ಪಟ್ಟಿ ಸುತ್ತಿದ. ಸವಾರಿ ಮಾಡುವವರ ಮೈ ನೋಯಬಾರದೆಂಬ ಕಾಳಜಿಯಿಂದ ಬಂದ ವಸ್ತುವನ್ನು ನಾವು ಎಲ್ಲಿಗೆ ತಂದು ನಿಲ್ಲಿಸಿದ್ದೇವೆ!

ನಮ್ಮ ರಸ್ತೆಗಳೇನು ಕಡಿಮೆಯೇ? ಚನ್ನರಾಯಪಟ್ಟಣದ ಕಡೆ ಹೈವೇ ಕನ್ನಡಿಯಂತಿದೆ, ಅದರಿಂದ ಇಳಿದು ಹಳ್ಳಿಯ ಶಾಲೆಯ ಕಡೆ ತಿರುಗಿದೊಡನೆ ಬೇರೆ ಲೋಕ. ಸುಗ್ಗಿಯಲ್ಲಿ ಟಾರು ರಸ್ತೆಯೇ ಕಣ. ರಾಗಿ ಹುಲ್ಲು, ಹುರುಳಿ ಸೊಪ್ಪು ಮೊಣಕಾಲೆತ್ತರ ಹರಡಿರುತ್ತಾರೆ, ಬಸ್ಸು ಲಾರಿ ತುಳಿದು ಒಕ್ಕಣೆ ಮಾಡಲಿ ಎಂದು. ಹುರುಳಿ ಸೊಪ್ಪಿನ ಮೇಲೆ ನುಣ್ಣನೆಯ ಟೈರು ಹೋದರೆ ಎಣ್ಣೆ ಸವರಿದ ಕಾವಲಿಯ ಮೇಲೆ ಹೋದಂತೆ. ಅರಕಲಗೂಡಿನ ಕಡೆ ಮುಂಗಾರಿಗೆ ಮೊದಲು ಆಲೂಗಡ್ಡೆ ಬಿತ್ತನೆ. ಟ್ರ್ಯಾಕ್ಟರು ಹೊಲದಿಂದ ಹೊತ್ತು ತಂದ ಕೆಸರು ರಸ್ತೆಯುದ್ದಕ್ಕೂ ಬಿದ್ದಿರುತ್ತದೆ. ಅದರ ಮೇಲೆ ಒಂದು ಹನಿ ಮಳೆ ಸಾಕು. ಎಲ್ಲಕ್ಕಿಂತ ಮೋಸ ಮಾಡುವುದು ಮೊದಲ ಮಳೆ. ಬೇಸಿಗೆಯೆಲ್ಲ ರಸ್ತೆ ಕುಡಿದ ಎಣ್ಣೆ, ಧೂಳು ಆ ಮೊದಲ ಕಾಲು ಗಂಟೆಯಲ್ಲಿ ಮೇಲೆ ಬಂದು ಲೋಳೆಯಾಗುತ್ತದೆ. ಕಾಲುವೆ ಇರುವ ಟೈರು ಆ ನೀರನ್ನು ಬದಿಗೆ ತಳ್ಳಿ ನೆಲ ಹುಡುಕುತ್ತದೆ. ಇಲ್ಲದ್ದು ನೀರಿನ ಮೇಲೆಯೇ ಕೂರುತ್ತದೆ.

ಹೊಳೆನರಸೀಪುರದಲ್ಲಿದ್ದಾಗ ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬರು ಇಂಥದೇ ಒಂದು ಮಳೆಯಲ್ಲಿ ಬಿದ್ದರು. ಜೋರಾಗಿ ಹೋಗುತ್ತಿದ್ದವರಲ್ಲ, ಎದುರಿಗೆ ನಾಯಿ ಬಂತೆಂದು ಬ್ರೇಕು ಹಿಡಿದರು. ಮೊಣಕೈ ಮೂಳೆ ಮುರಿಯಿತು. ಗಾಡಿಯನ್ನು ನಾವು ನಾಲ್ಕು ಜನ ಎತ್ತಿ ನಿಲ್ಲಿಸಿದೆವು. ಎರಡೂ ಟೈರು ಹೊಳೆಯುತ್ತಿದ್ದವು. ಅವರು ಎರಡು ತಿಂಗಳಿಂದ ಮನೆಯಲ್ಲಿ ಹೇಳುತ್ತಲೇ ಇದ್ದರಂತೆ, ಸಂಬಳ ಆಗಲಿ, ಹಬ್ಬ ಕಳೆಯಲಿ ಎಂದು ಮುಂದಕ್ಕೆ ಹೋಗುತ್ತಲೇ ಇತ್ತಂತೆ. ಸಂಬಳ ಅವರದೇ, ಅದನ್ನೂ ಹೇಳಬೇಕು. ಆಸ್ಪತ್ರೆಗೆ ನೋಡಲು ಬಂದವರು ಏನಂದರು ಗೊತ್ತೇ? ‘ಹೆಂಗಸರಿಗೆ ಸರಿಯಾಗಿ ಬ್ರೇಕು ಹಿಡಿಯೋಕೆ ಬರಲ್ಲ.’ ಒಬ್ಬರಲ್ಲ, ಬಂದವರೆಲ್ಲ. ಟೈರಿನ ಹೆಸರೆತ್ತಿದವರು ಯಾರೂ ಇಲ್ಲ. ಪ್ಲಾಸ್ಟರು ಬಿಚ್ಚಿದ ಮೇಲೆ ಅವರು ಗಾಡಿ ಮುಟ್ಟಲಿಲ್ಲ. ಮಗ ಬಿಡುವಾಗಿದ್ದರೆ ಬಿಡುತ್ತಿದ್ದ, ಇಲ್ಲದಿದ್ದರೆ ಆಟೋ, ಅದೂ ಇಲ್ಲದಿದ್ದರೆ ರಜೆ. ಸಂಗೀತ ಕಲಿಯಲು ಸಾಯಂಕಾಲ ಹೋಗುತ್ತಿದ್ದದ್ದು ನಿಂತಿತು. ಗಾಡಿ ಮಾರಿದರು. ಎರಡು ಟೈರಿಗೆ ಆಗುತ್ತಿದ್ದ ಖರ್ಚಿನ ಎಷ್ಟೋ ಪಟ್ಟು ಆಸ್ಪತ್ರೆಗೆ ಹೋದದ್ದನ್ನು ನಾನು ಲೆಕ್ಕ ಹಾಕುವುದಿಲ್ಲ. ಆ ಸಾಯಂಕಾಲಗಳದ್ದು ಯಾವ ಲೆಕ್ಕ?

ನನ್ನ ಸಿಟ್ಟಿನ ಬೇರು ಇಲ್ಲಿದೆ. ಬೋಳು ಟೈರು ಗಂಡಸನ್ನು ಬೀಳಿಸಿದರೆ ರಸ್ತೆ ಸರಿಯಿಲ್ಲ. ಹೆಂಗಸನ್ನು ಬೀಳಿಸಿದರೆ ಹೆಂಗಸು ಸರಿಯಿಲ್ಲ.

ಸರಿ, ನಾವೇ ಅಂಗಡಿಗೆ ಹೋದೆವೆನ್ನಿ. ‘ಯಜಮಾನ್ರು ಬರ್ಲಿ ಬಿಡಿ ಮೇಡಂ, ಅವ್ರತ್ರ ಮಾತಾಡ್ತೀನಿ.’ ಗಾಡಿ ನನ್ನ ಹೆಸರಿನಲ್ಲಿ, ದುಡ್ಡು ನನ್ನ ಪರ್ಸಿನಲ್ಲಿ, ಮಾತು ಮಾತ್ರ ಯಜಮಾನರ ಹತ್ತಿರ. ಎಲ್ಲರೂ ಹೀಗೆ ಎನ್ನಲಾರೆ. ಅರಕಲಗೂಡಿನಲ್ಲಿ ಒಬ್ಬ ಪಂಚರ್ ಹಾಕುವವರಿದ್ದರು, ಟೈರನ್ನು ಬಿಚ್ಚಿ ಬೆಳಕಿಗೆ ಹಿಡಿದು ‘ನೋಡಿಯಮ್ಮಾ, ನೀವೇ ನೋಡಿ’ ಎಂದು ತೋರಿಸುತ್ತಿದ್ದರು. ನನ್ನ ಟೈರಿನ ವಿದ್ಯೆ ಅರ್ಧ ಅವರದು. ಉಳಿದರ್ಧ ಬಂದದ್ದು ತೋರಿಸದವರಿಂದ. ಅವರ ಜೊತೆ ವಾದಿಸಲು ಕಲಿಯಲೇಬೇಕಾಯಿತು. ಬೇಡದ ಟೈರನ್ನು ಹೆದರಿಸಿ ಮಾರುವವರೂ ಇದ್ದಾರೆ, ಅವರ ಮುಂದೆ ಆ ಬದುವಿನ ಮೇಲೆ ಬೆರಳಿಟ್ಟು ‘ಇನ್ನೂ ಇಷ್ಟಿದೆಯಲ್ಲ’ ಎಂದರೆ ಸಾಕು, ದನಿ ಬದಲಾಗುತ್ತದೆ. ರೀಸೋಲ್ ಮಾಡಿಸಿಕೊಡುತ್ತೇನೆ ಎಂದರೆ ಸ್ಕೂಟರಿಗೆ ಬೇಡವೇ ಬೇಡ ಎನ್ನಿ. ಲಾರಿಗೆ ಹಿಂದೆ ನಾಲ್ಕೋ ಎಂಟೋ ಟೈರು, ಒಂದು ಕೈಕೊಟ್ಟರೆ ಮಿಕ್ಕವು ಹೊರುತ್ತವೆ. ನಮಗಿರುವುದು ಎರಡು.

ಈಗ ಕರೆಂಟಿನ ಸ್ಕೂಟರುಗಳು ಬಂದಿವೆ. ಪೆಟ್ರೋಲಿನ ಚಿಂತೆಯಿಲ್ಲ, ಆಯಿಲ್ ಬದಲಾಯಿಸುವ ಚಿಂತೆಯಿಲ್ಲ, ಸರ್ವಿಸ್ಸೂ ಕಡಿಮೆ. ಹಾಗಾಗಿ ಈ ಗಾಡಿಗೆ ಏನೂ ಮಾಡಿಸಬೇಕಾಗಿಲ್ಲ ಎಂಬ ಹೊಸ ಆಶೀರ್ವಾದ ಹುಟ್ಟಿಕೊಂಡಿದೆ. ಟೈರಿನ ಮಟ್ಟಿಗೆ ವಿಷಯ ತಿರುಗುಮುರುಗು. ಬ್ಯಾಟರಿಯ ಭಾರ ಸೇರಿ ಇಂಥ ಎಷ್ಟೋ ಗಾಡಿಗಳು ಪೆಟ್ರೋಲಿನವಕ್ಕಿಂತ ತೂಕ. ಮೋಟರು ನಿಂತಲ್ಲಿಂದಲೇ ಪೂರ್ತಿ ಶಕ್ತಿಯಿಂದ ಎಳೆಯುತ್ತದೆ, ಆ ಎಳೆತವೆಲ್ಲ ಹಿಂದಿನ ಟೈರಿನ ಮೇಲೆ. ಕೆಲವದರಲ್ಲಿ ಮೋಟರು ಚಕ್ರದೊಳಗೇ ಕೂತಿರುತ್ತದೆ, ಚಕ್ರ ಬಿಚ್ಚಬೇಕಾದರೆ ವೈರು ಬಿಡಿಸಬೇಕು. ತಾಲ್ಲೂಕು ಊರಿನ ಪಂಚರ್ ಅಂಗಡಿಯವರು ‘ನಮಗೆ ಬೇಡಮ್ಮ, ಕಂಪನಿಗೆ ತಗೊಂಡು ಹೋಗಿ’ ಎಂದು ಕೈಯಾಡಿಸುತ್ತಾರೆ. ಕೊಳ್ಳುವಾಗ ಬಣ್ಣ ಕೇಳುತ್ತೇವೆ, ಎಷ್ಟು ಕಿಲೋಮೀಟರ್ ಓಡುತ್ತದೆಂದು ಕೇಳುತ್ತೇವೆ. ಹಿಂದಿನ ಟೈರನ್ನು ನಮ್ಮ ಊರಿನಲ್ಲಿ ಯಾರು ಬಿಚ್ಚುತ್ತಾರೆ ಎಂದೂ ಕೇಳಿಬಿಡಿ.

2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಇನ್ನೊಂದು ವಾದ ಶುರುವಾಯಿತು. ‘ಬಸ್ಸು ಪುಕ್ಕಟೆಯಲ್ಲ, ಗಾಡಿಗೆ ಯಾಕೆ ದುಡ್ಡು ಸುರಿಯಬೇಕು?’ ಹಾಸನದಿಂದ ಹೊಳೆನರಸೀಪುರಕ್ಕೆ ನಾನೂ ಬಸ್ಸಿನಲ್ಲೇ ಹೋಗುತ್ತೇನೆ, ಸಂತೋಷವಾಗಿಯೇ ಹೋಗುತ್ತೇನೆ. ಆದರೆ ಬಸ್ಸು ನಮ್ಮ ಮನೆ ಬಾಗಿಲಿಗೆ ಬರುವುದಿಲ್ಲ, ಹಳ್ಳಿಯ ಶಾಲೆಯ ಬಾಗಿಲಿಗೂ ಹೋಗುವುದಿಲ್ಲ. ಬಸ್ ಸ್ಟ್ಯಾಂಡಿನ ತನಕ, ರಾತ್ರಿ ಏಳೂವರೆಗೆ ಬಂದಿಳಿದ ಮೇಲೆ ಮನೆಯ ತನಕ, ಅದೇ ಟೈರು. ಮೂರೇ ಕಿಲೋಮೀಟರ್ ತಾನೆ ಎನ್ನುತ್ತಾರೆ. ಬೀಳಲು ಮೂರು ಅಡಿ ಸಾಕು. ಹಿಂದೆ ಕೂತವರಿಗೂ ಹೆಲ್ಮೆಟ್ಟು ಕಡ್ಡಾಯವೆಂದು ನಮ್ಮ ರಾಜ್ಯದಲ್ಲಿ 2016ರಲ್ಲಿ ಆದಾಗ ಊರೆಲ್ಲ ಮಾತಾಡಿತು, ಪೊಲೀಸರು ನಿಲ್ಲಿಸಿ ದಂಡ ಹಾಕಿದರು. ಒಳ್ಳೆಯದೇ. ಹೆಲ್ಮೆಟ್ಟು ಬಿದ್ದ ಮೇಲೆ ಕಾಯುತ್ತದೆ. ಬೀಳದಂತೆ ಕಾಯುವುದನ್ನು ಬಗ್ಗಿ ನೋಡಿದ ಪೊಲೀಸರನ್ನು ನಾನಂತೂ ಕಂಡಿಲ್ಲ.

ದುಡ್ಡಿನ ಮಾತು ಆಡಿಯೇ ಬಿಡೋಣ. ಸ್ಕೂಟರಿನ ಒಂದು ಒಳ್ಳೆಯ ಟೈರಿಗೆ ಸಾವಿರದ ಮೇಲೆ, ಎರಡು ಸಾವಿರದೊಳಗೆ. ಗೃಹಪ್ರವೇಶಕ್ಕೆ ಮುಯ್ಯಿ ಮಾಡಲು ಇಷ್ಟು ಖರ್ಚಾದರೆ ಯಾರೂ ತುಟಿ ಬಿಚ್ಚುವುದಿಲ್ಲ. ಕಡಿಮೆ ಸಂಬಳದಲ್ಲಿ ಮನೆ ನಡೆಸುವವರಿಗೆ ಅದೂ ದೊಡ್ಡ ಮೊತ್ತವೇ, ಒಪ್ಪುತ್ತೇನೆ. ಅಂಥವರು ಎರಡನ್ನೂ ಒಟ್ಟಿಗೆ ಹಾಕಿಸಬೇಕಾಗಿಲ್ಲ. ಯಾವುದು ಮುಗಿದಿದೆಯೋ ಅದನ್ನು ಮಾತ್ರ ಹಾಕಿಸಿ, ಇನ್ನೊಂದಕ್ಕೆ ಚೀಟಿಯ ದುಡ್ಡು ಬರುವ ತನಕ ಕಾಯಬಹುದು. ಗಾಳಿ ಮಾತ್ರ ವಾರಕ್ಕೊಮ್ಮೆ ನೋಡಿಸಿ. ಕಡಿಮೆ ಗಾಳಿಯಲ್ಲಿ ಓಡಿಸಿದರೆ ಟೈರಿನ ಅಂಚು ತಿನ್ನುತ್ತದೆ, ಹೆಚ್ಚು ಹೊಡೆಸಿದರೆ ನಡುವೆ ತಿನ್ನುತ್ತದೆ. ಎಷ್ಟೆಂಬುದು ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿ ಇರುತ್ತದೆ, ಅದು ಬೀರುವಿನಲ್ಲಿ ಆರ್‌ಸಿಯ ಜೊತೆ ಮಲಗಿದೆ, ಎಬ್ಬಿಸಿ.

ವರ್ಷಕ್ಕೊಮ್ಮೆ ನಾವು ಟೈರಿನ ಹತ್ತಿರ ಬಗ್ಗುವುದುಂಟು, ಆಯುಧಪೂಜೆಯ ದಿನ. ಗಾಡಿ ತೊಳೆದು, ವಿಭೂತಿ ಬಳಿದು, ಬಾಳೆಕಂದು ಕಟ್ಟಿ, ಎರಡು ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತೇವೆ. ಕಣ್ಣು ಟೈರಿನಿಂದ ಒಂದು ಗೇಣು ದೂರದಲ್ಲಿರುತ್ತದೆ. ಆದರೂ ನೋಡುವುದು ನಿಂಬೆಹಣ್ಣನ್ನೇ. ಅಷ್ಟು ಹೊತ್ತಿಗೆ ಮಳೆಗಾಲವೂ ಮುಗಿಯುತ್ತ ಬಂದಿರುತ್ತದೆ. ನನ್ನ ಕೇಳಿದರೆ ಈ ಪೂಜೆ ಮೇ ತಿಂಗಳಲ್ಲಿ, ಶಾಲೆ ತೆರೆಯುವ ಮೊದಲು, ನಿಂಬೆಹಣ್ಣಿಲ್ಲದೆ ಇನ್ನೊಮ್ಮೆ ಆಗಬೇಕು.

ತೆಗೆಸಿದ ಹಳೆಯ ಟೈರನ್ನು ಅಂಗಡಿಯಲ್ಲಿ ಬಿಟ್ಟು ಬರಬೇಡಿ. ‘ಇರ್ಲಿ ಬಿಡಿ ಮೇಡಂ, ನಾವೇ ಏನಾದ್ರೂ ಮಾಡ್ತೀವಿ’ ಎನ್ನುತ್ತಾರೆ. ಏನು ಮಾಡುತ್ತಾರೆಂದು ನನಗೆ ಗೊತ್ತು. ಕಪ್ಪು ಪಾಲಿಷ್ ಹಚ್ಚಿಸಿಕೊಂಡು ಅದು ಇನ್ನೊಬ್ಬಳ ಗಾಡಿಗೆ ಹೋಗಿ ಕೂರುತ್ತದೆ, ಮನೆಗೆಲಸಕ್ಕೆ ಹೋಗುವವಳೋ, ಗಾರ್ಮೆಂಟ್ಸಿಗೆ ಹೋಗುವವಳೋ, ಮುನ್ನೂರು ರೂಪಾಯಿಗೆ ಸಿಕ್ಕಿತೆಂದು ಹಾಕಿಸಿಕೊಂಡು ಹೋಗುತ್ತಾಳೆ. ನಾನು ಅಲ್ಲೇ ನಿಂತು ಪಕ್ಕದ ಗೋಡೆಯನ್ನು ಎರಡು ಕಡೆ ಕುಯ್ಯಿಸಿ, ಕಾಲಿಡುವ ಜಾಗದಲ್ಲಿ ಇಟ್ಟುಕೊಂಡು ಮನೆಗೆ ತರುತ್ತೇನೆ. ಹಿತ್ತಲಿನಲ್ಲಿ ಬಸಳೆ ಬಳ್ಳಿಯ ಬುಡಕ್ಕೆ ಎರಡಿವೆ, ನೀರಿನ ಟ್ಯಾಂಕಿನ ಮುಚ್ಚಳದ ಮೇಲೆ ಒಂದಿದೆ. ತಳದಲ್ಲಿ ನಾಲ್ಕು ತೂತು ಮಾತ್ರ ಮರೆಯದೆ ಹೊಡೆಸಬೇಕು, ಇಲ್ಲವಾದರೆ ಮಳೆಯ ನೀರು ನಿಂತು ಡೆಂಗಿಯ ಸೊಳ್ಳೆ ಸಂಸಾರ ಹೂಡುತ್ತದೆ.